ಹೊಳೆಯ ಮೀನು ಮತ್ತು ಕಾಗದದ ಕಾರ್ಖಾನೆಯ ನೀರು



ಈಗ ನಿಮ್ಮ ಕೈಯಲ್ಲಿ ಒಂದು ಪುಸ್ತಕ ಇದೆ. ಇದು ಕಾಗದದ ಪುಸ್ತಕ. ಮಕ್ಕಳ ಶಾಲೆಯ ಚೀಲದಲ್ಲಿ ಕಾಗದ ಇದೆ. ಜಮೀನಿನ ಪಹಣಿ ಕಾಗದ. ಸಂಘದ ಪಾಸ್ ಪುಸ್ತಕ ಕಾಗದ. ಕಾಗದ ಬೇಡ ಎಂದು ನಾವು ಯಾರೂ ಹೇಳುವುದಿಲ್ಲ. ಓದು ಬರಹ ಕಲಿತ ಮೇಲೆ ಇನ್ನೂ ಹೆಚ್ಚು ಬೇಕು.

ಕಾಗದ ಮಾಡಲು ಮರ ಬೇಕು, ಬಿದಿರು ಬೇಕು. ಬಹಳ ನೀರು ಬೇಕು. ಈ ನೀರನ್ನು ಹೊಳೆಯಿಂದ ತೆಗೆಯುತ್ತಾರೆ. ಕೆಲಸ ಮುಗಿದ ಮೇಲೆ ಹೆಚ್ಚಿನ ನೀರು ಮತ್ತೆ ಹೊಳೆಗೇ ಬರುತ್ತದೆ. ಹೋಗುವಾಗ ತಿಳಿಯಾಗಿ ಹೋಗುತ್ತದೆ. ಬರುವಾಗ ಹೇಗೆ ಬರುತ್ತದೆ? ಆ ನೀರಿನಲ್ಲಿ ಬದುಕುವ ಮೀನಿಗೆ ಏನಾಗುತ್ತದೆ? ಈ ಪಾಠದಲ್ಲಿ ಅದನ್ನು ತಿಳಿಯೋಣ.

1. ನಮ್ಮ ಹೊಳೆ, ನಮ್ಮ ಕಾರ್ಖಾನೆ

ನಮ್ಮ ರಾಜ್ಯದಲ್ಲಿ ಹೊಳೆಯ ದಂಡೆಯಲ್ಲೇ ದೊಡ್ಡ ಕಾರ್ಖಾನೆಗಳು ಬೆಳೆದವು. ಭದ್ರಾವತಿಯಲ್ಲಿ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆ ಆಯಿತು. ಅದು ಭದ್ರಾ ಹೊಳೆಯ ಪಕ್ಕ. ಬಹಳ ವರ್ಷ ಅಲ್ಲಿ ಕಾಗದ ತಯಾರಾಯಿತು. 2015ರ ಹೊತ್ತಿಗೆ ತಯಾರಿ ನಿಂತಿತು. ಉತ್ತರ ಕನ್ನಡದ ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಅದು ಕಾಳಿ ಹೊಳೆಯ ಪಕ್ಕ.

ತುಂಗಾ ಮತ್ತು ಭದ್ರಾ ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಸೇರುತ್ತವೆ. ಅಲ್ಲಿಂದ ಮುಂದೆ ಅದು ತುಂಗಭದ್ರೆ. ಹರಿಹರದ ಎದುರು ದಂಡೆಯಲ್ಲಿ ಕುಮಾರಪಟ್ಟಣ ಇದೆ. ಅಲ್ಲಿ ಮರದ ತಿರುಳು ತೆಗೆಯುವ ಕಾರ್ಖಾನೆ ಇದೆ. ಆ ತಿರುಳು ಕಾಗದಕ್ಕೆ ಅಲ್ಲ, ರೇಯಾನ್ ನೂಲಿಗೆ. ಆದರೆ ಮರ ಬೇಯಿಸುವ ಕೆಲಸ ಎರಡಕ್ಕೂ ಹೆಚ್ಚು ಕಡಿಮೆ ಒಂದೇ.

1980ರ ದಶಕದಲ್ಲಿ ತುಂಗಭದ್ರೆಯ ದಂಡೆಯ ಊರುಗಳ ಜನ ದನಿ ಎತ್ತಿದರು. ನೀರು ಕಂದಾಗಿದೆ, ಮೀನು ಸಾಯುತ್ತಿವೆ ಎಂದರು. 1984ರಲ್ಲಿ ಧಾರವಾಡದಲ್ಲಿ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹುಟ್ಟಿತು. ಅದು ತುಂಗಭದ್ರೆಯ ನೀರಿಗಾಗಿ ಹೋರಾಟ ಮಾಡಿತು. ಹೊಳೆ ಕೆಟ್ಟರೆ ಮೊದಲು ಗೊತ್ತಾಗುವುದು ಮೀನು ಹಿಡಿಯುವವರಿಗೆ, ನೀರು ತರುವವರಿಗೆ, ಬಟ್ಟೆ ಒಗೆಯುವವರಿಗೆ. ಅಂದರೆ ನಮಗೇ.

2. ಕಾಗದ ಆಗುವುದು ಹೇಗೆ?

ಬಿದಿರನ್ನು ಸೀಳಿ ನೋಡಿ. ಒಳಗೆ ನಾರು ಕಾಣುತ್ತದೆ. ನಾರಿಗೆ ನಾರು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹೀಗೆ ಅಂಟಿಸುವ ವಸ್ತುವಿಗೆ ಲಿಗ್ನಿನ್ ಎಂದು ಹೆಸರು. ಮರದ ಅಂಟು ಎಂದುಕೊಳ್ಳೋಣ. ಕಾಗದಕ್ಕೆ ನಾರು ಬೇಕು, ಅಂಟು ಬೇಡ.

ಬಿದಿರು, ನೀಲಗಿರಿ ಮುಂತಾದ ಮರವನ್ನು ಚಿಕ್ಕ ಚಿಕ್ಕ ಚೂರು ಮಾಡುತ್ತಾರೆ. ಮುಚ್ಚಿದ ದೊಡ್ಡ ಹಂಡೆಗೆ ಹಾಕುತ್ತಾರೆ. ಕಾಸ್ಟಿಕ್ ಸೋಡಾ ಮತ್ತು ಗಂಧಕ ಸೇರಿದ ರಾಸಾಯನಿಕ ಹಾಕಿ ಬೇಯಿಸುತ್ತಾರೆ. ಅದು ನಮ್ಮ ಕುಕ್ಕರಿನ ಹಾಗೆ ಒತ್ತಡದಲ್ಲಿ ಬೇಯುತ್ತದೆ. ಅಂಟು ಕರಗುತ್ತದೆ. ನಾರು ತಿರುಳಾಗಿ ಉಳಿಯುತ್ತದೆ.

ಅನ್ನ ಬಸಿದಾಗ ಗಂಜಿ ಬರುತ್ತದೆ ಅಲ್ಲವೇ? ಹಾಗೆ ತಿರುಳು ಬಸಿದಾಗ ಕಪ್ಪು ನೀರು ಬರುತ್ತದೆ. 100 ಕಿಲೋ ಒಣ ಮರ ಬೇಯಿಸಿದರೆ ತಿರುಳು ಸಿಗುವುದು ಸುಮಾರು 45ರಿಂದ 50 ಕಿಲೋ. ಉಳಿದದ್ದೆಲ್ಲ ಕಪ್ಪು ನೀರಿನಲ್ಲಿ ಇರುತ್ತದೆ.

ಆಮೇಲೆ ತಿರುಳನ್ನು ತೊಳೆಯುತ್ತಾರೆ. ಅದು ಕಂದು ಬಣ್ಣ. ಬೆಳ್ಳಗೆ ಮಾಡಲು ಹಿಂದೆ ಕ್ಲೋರಿನ್ ಅನಿಲವನ್ನೇ ಬಳಸುತ್ತಿದ್ದರು. ಕುಡಿಯುವ ನೀರಿನ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದನ್ನು ನೋಡಿದ್ದೀರಿ. ಅದರಲ್ಲಿಯೂ ಕ್ಲೋರಿನ್ ಇದೆ. ಬಾವಿಗೆ ಚಿಟಿಕೆ ಲೆಕ್ಕದಲ್ಲಿ ಹಾಕಿದರೆ ರೋಗದ ಕ್ರಿಮಿ ಸಾಯುತ್ತದೆ. ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ಕ್ಲೋರಿನ್ ಮರದ ಅಂಟಿನ ಜೊತೆ ಸೇರಿದರೆ ಬೇರೆ ಬೇರೆ ವಿಷ ವಸ್ತುಗಳು ಹುಟ್ಟುತ್ತವೆ. ಅವುಗಳಲ್ಲಿ ಒಂದರ ಹೆಸರು ಡಯಾಕ್ಸಿನ್.

ಹೀಗೆ ಕೊಳೆ ನೀರಿನಲ್ಲಿ ನಾಲ್ಕು ವಸ್ತು ಇರುತ್ತವೆ. ಒಂದು, ಕೊಳೆಯುವ ಮರದ ಸಾರ. ಎರಡು, ಸಣ್ಣ ಸಣ್ಣ ನಾರು. ಮೂರು, ಕಪ್ಪು ಅಥವಾ ಕಂದು ಬಣ್ಣ. ನಾಲ್ಕು, ಕಣ್ಣಿಗೆ ಕಾಣದ ರಾಸಾಯನಿಕ. ಮೀನಿಗೆ ಒಂದೊಂದರಿಂದ ಒಂದೊಂದು ತೊಂದರೆ.

3. ಮೀನಿನ ಉಸಿರು

ನಮಗೆ ಉಸಿರಾಡಲು ಆಮ್ಲಜನಕ ಬೇಕು. ಮೀನಿಗೂ ಬೇಕು. ನಾವು ಗಾಳಿಯಿಂದ ತೆಗೆದುಕೊಳ್ಳುತ್ತೇವೆ. ಮೀನು ನೀರಿನಿಂದ ತೆಗೆದುಕೊಳ್ಳುತ್ತದೆ. ನೀರಿನಲ್ಲಿ ಆಮ್ಲಜನಕ ಕರಗಿರುತ್ತದೆ, ಪಾನಕದಲ್ಲಿ ಬೆಲ್ಲ ಕರಗಿದ ಹಾಗೆ. ಮೀನು ಬಾಯಿಂದ ನೀರು ಎಳೆಯುತ್ತದೆ. ಕಿವಿರಿನ ಮೂಲಕ ಹೊರಗೆ ಬಿಡುತ್ತದೆ. ಕಿವಿರಿನಲ್ಲಿ ಕೆಂಪು ಎಳೆಗಳಿವೆ. ಆ ಎಳೆಗಳು ನೀರಿನ ಆಮ್ಲಜನಕವನ್ನು ರಕ್ತಕ್ಕೆ ಸೇರಿಸುತ್ತವೆ.

ನೀರಿನಲ್ಲಿ ಇರುವ ಆಮ್ಲಜನಕ ಬಹಳ ಕಡಿಮೆ. ಒಂದು ಲೀಟರ್ ಒಳ್ಳೆಯ ಹೊಳೆ ನೀರಿನಲ್ಲಿ ಸುಮಾರು 8 ಮಿಲಿಗ್ರಾಂ ಇರುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಇದರ 30 ಪಟ್ಟಿಗೂ ಹೆಚ್ಚು ಇರುತ್ತದೆ. ಅಂದರೆ ಮೀನಿನದು ದಿನಗೂಲಿಯ ಸಂಸಾರ ಇದ್ದ ಹಾಗೆ. ಕೂಡಿಟ್ಟದ್ದು ಏನೂ ಇಲ್ಲ. ಒಂದು ದಿನ ಕಡಿಮೆಯಾದರೂ ಕಷ್ಟ. ಮೀನು ಬಾಳಿ ಮರಿ ಮಾಡಲು ಒಂದು ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಬೇಕು ಎಂದು ನಮ್ಮ ದೇಶದ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುತ್ತದೆ.

ಈಗ ಮರದ ಸಾರ ಹೊಳೆಗೆ ಬಂತು ಎಂದುಕೊಳ್ಳಿ. ನೀರಿನಲ್ಲಿರುವ ಸೂಕ್ಷ್ಮ ಜೀವಿಗಳಿಗೆ ಅದು ಹಬ್ಬದ ಊಟ. ಅವು ತಿನ್ನುತ್ತವೆ, ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಅವಕ್ಕೂ ಆಮ್ಲಜನಕ ಬೇಕು. ನೀರಿನಲ್ಲಿ ಇರುವುದನ್ನೆಲ್ಲ ಅವೇ ಎಳೆದುಕೊಳ್ಳುತ್ತವೆ. ಮೀನಿನ ಪಾಲಿಗೆ ಏನೂ ಉಳಿಯುವುದಿಲ್ಲ. ಆಗ ವಿಷ ಇಲ್ಲದಿದ್ದರೂ ಮೀನು ಉಸಿರು ಕಟ್ಟಿ ಸಾಯುತ್ತದೆ.

ಬೇಸಿಗೆಯಲ್ಲಿ ತೊಂದರೆ ಇನ್ನೂ ಹೆಚ್ಚು. ಹೊಳೆಯಲ್ಲಿ ನೀರು ಕಡಿಮೆ. ಕೊಳೆ ಅಷ್ಟೇ. ಬಿಸಿ ನೀರಿನಲ್ಲಿ ಆಮ್ಲಜನಕ ಕರಗುವುದೂ ಕಡಿಮೆ. ಹಗಲು ಪಾಚಿ ಮತ್ತು ನೀರಿನ ಗಿಡಗಳು ಸ್ವಲ್ಪ ಆಮ್ಲಜನಕ ಕೊಡುತ್ತವೆ. ರಾತ್ರಿ ಕೊಡುವುದಿಲ್ಲ. ಆದ್ದರಿಂದ ಬೆಳಗಿನ ಜಾವ ಮೀನು ನೀರಿನ ಮೇಲೆ ಬಂದು ಬಾಯಿ ಬಡಿಯುತ್ತವೆ. ನೀರು ಕಪ್ಪಾಗಿದ್ದರೆ ಬಿಸಿಲು ಕೆಳಗೆ ಇಳಿಯುವುದಿಲ್ಲ. ಪಾಚಿಯೂ ಬೆಳೆಯುವುದಿಲ್ಲ. ಮೀನಿಗೆ ಉಸಿರೂ ಕಡಿಮೆ, ಮೇವೂ ಕಡಿಮೆ.

ಕೊರವ ಮೀನು, ಚೇಳು ಮೀನು ಮೇಲೆ ಬಂದು ಗಾಳಿಯನ್ನೇ ನುಂಗಿ ಬದುಕಬಲ್ಲವು. ಕಾಟ್ಲಾ, ರೋಹು, ಗೆಂಡೆ ಹಾಗಲ್ಲ. ಅವು ಮೊದಲು ಸಾಯುತ್ತವೆ, ಇಲ್ಲವೇ ಬೇರೆ ಕಡೆ ಹೋಗುತ್ತವೆ. ಹಿಂದೆ ಬಲೆಗೆ ಹತ್ತು ಜಾತಿ ಮೀನು ಬೀಳುತ್ತಿದ್ದ ಕಡೆ ಈಗ ಎರಡೇ ಜಾತಿ ಬೀಳುತ್ತಿದ್ದರೆ ಅದು ಹೊಳೆ ಕೆಡುತ್ತಿರುವ ಗುರುತು.

4. ಸಾಯದ ಮೀನಿಗೂ ಕಾಯಿಲೆ

ಸತ್ತ ಮೀನು ತೇಲುತ್ತದೆ. ಎಲ್ಲರಿಗೂ ಕಾಣುತ್ತದೆ. ಪತ್ರಿಕೆಯಲ್ಲಿಯೂ ಬರುತ್ತದೆ. ಆದರೆ ಕೊಳೆ ನೀರು ಸ್ವಲ್ಪ ಸ್ವಲ್ಪವೇ ಸೇರುತ್ತಿದ್ದರೆ ಮೀನು ಸಾಯುವುದಿಲ್ಲ. ಸೊರಗುತ್ತದೆ. ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಪಾಠದಲ್ಲಿ ಮುಖ್ಯವಾಗಿ ನೆನಪಿಡಬೇಕಾದದ್ದು ಇದೇ: ಹೊಳೆಯಲ್ಲಿ ಮೀನು ಬದುಕಿದೆ ಎಂದ ಮಾತ್ರಕ್ಕೆ ಹೊಳೆ ಚೆನ್ನಾಗಿದೆ ಎಂದು ಅಲ್ಲ.

ಕಿವಿರು: ಸಣ್ಣ ನಾರು ಕಿವಿರಿಗೆ ಸಿಕ್ಕಿಕೊಳ್ಳುತ್ತದೆ. ರಾಸಾಯನಿಕ ಕಿವಿರನ್ನು ಉರಿಸುತ್ತದೆ. ಕಿವಿರು ಊದುತ್ತದೆ. ಲೋಳೆ ಕಟ್ಟುತ್ತದೆ. ಎಳೆಗೆ ಎಳೆ ಅಂಟಿಕೊಳ್ಳುತ್ತದೆ. ಆಗ ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನು ತೆಗೆದುಕೊಳ್ಳಲಾರದು. ಹೊಗೆ ತುಂಬಿದ ಅಡಿಗೆ ಮನೆಯಲ್ಲಿ ನಮಗೆ ಆಗುವ ಹಾಗೆ.

ಮೈ: ಸೊರಗಿದ ಮೀನಿಗೆ ರೋಗ ತಡೆಯುವ ಶಕ್ತಿ ಕಡಿಮೆ. ರೆಕ್ಕೆ ಕೊಳೆಯುತ್ತದೆ. ಮೈ ಮೇಲೆ ಹುಣ್ಣು ಏಳುತ್ತದೆ. ಇದೇ ಹುಣ್ಣು ಬೇರೆ ರೋಗದಿಂದಲೂ ಬರಬಹುದು.

ಪಿತ್ತಕೋಶದ ಪಕ್ಕದ ಈಲಿ: ಪೇಟೆಯಲ್ಲಿ ಇದಕ್ಕೆ ಲಿವರ್ ಎನ್ನುತ್ತಾರೆ. ಮೈಗೆ ಬಂದ ವಿಷವನ್ನು ಕಳೆಯುವ ಕೆಲಸ ಅದರದು. ದಿನವೂ ವಿಷ ಬಂದರೆ ಅದು ದಿನವೂ ದುಡಿಯಬೇಕು. ದುಡಿದು ದುಡಿದು ದಪ್ಪ ಆಗುತ್ತದೆ. ಬೆಳೆಯಲು ಬೇಕಾದ ಶಕ್ತಿ ಅದಕ್ಕೇ ಖರ್ಚಾಗುತ್ತದೆ.

ಕೊಬ್ಬು: ಡಯಾಕ್ಸಿನ್ ತರಹದ ವಸ್ತು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ದೊಡ್ಡ ಮೀನಿನಿಂದ ತಿನ್ನುವವರಿಗೆ ಹೋಗುತ್ತದೆ.

5. ಬಸಿರು, ಮೊಟ್ಟೆ, ಮರಿ

ಇದು ಹೆಣ್ಣುಮಕ್ಕಳಾದ ನಮಗೆ ಬೇಗ ಅರ್ಥವಾಗುವ ವಿಷಯ. ತಾಯಿಯ ಮೈ ಸರಿ ಇಲ್ಲದಿದ್ದರೆ ಬಸಿರು ನಿಲ್ಲುವುದು ಕಷ್ಟ. ಮೀನಿಗೂ ಹಾಗೆಯೇ.

ಕೆನಡಾ ದೇಶದಲ್ಲಿ ಸುಪೀರಿಯರ್ ಎಂಬ ಬಹು ದೊಡ್ಡ ಸರೋವರ ಇದೆ. ಅದರ ಒಂದು ಮೂಲೆಗೆ ಜಾಕ್‌ಫಿಶ್ ಬೇ ಎಂದು ಹೆಸರು. ಅಲ್ಲಿಗೆ ತಿರುಳು ಕಾರ್ಖಾನೆಯ ನೀರು ಬರುತ್ತಿತ್ತು. 1980ರ ದಶಕದ ಕೊನೆಯಲ್ಲಿ ವಿಜ್ಞಾನಿಗಳು ಅಲ್ಲಿಯ ಮೀನು ಹಿಡಿದು ಪರೀಕ್ಷೆ ಮಾಡಿದರು. ಮೀನು ಸತ್ತಿರಲಿಲ್ಲ. ಹೊರಗಿನಿಂದ ನೋಡಲು ಚೆನ್ನಾಗಿಯೇ ಇದ್ದವು. ಒಳಗೆ ನೋಡಿದರೆ ಮೊಟ್ಟೆಯ ಚೀಲ ಚಿಕ್ಕದಾಗಿತ್ತು. ಮೀನು ತಡವಾಗಿ ಪ್ರಾಯಕ್ಕೆ ಬರುತ್ತಿದ್ದವು. ಲಿವರ್ ದಪ್ಪ ಆಗಿತ್ತು. ಬಸಿರಿಗೆ ಬೇಕಾದ ಹಾರ್ಮೋನು ರಕ್ತದಲ್ಲಿ ಕಡಿಮೆ ಇತ್ತು.

ಇನ್ನೊಂದು ಸಂಗತಿ ಅಮೆರಿಕದ ಫ್ಲಾರಿಡಾದ್ದು. ಅಲ್ಲಿ ಒಂದು ಹಳ್ಳಕ್ಕೆ ಕಾಗದದ ಕಾರ್ಖಾನೆಯ ನೀರು ಸೇರುತ್ತಿತ್ತು. ಆ ಹಳ್ಳದ ಸೊಳ್ಳೆ ಮೀನಿನಲ್ಲಿ ವಿಜ್ಞಾನಿಗಳು ಒಂದು ವಿಚಿತ್ರ ಕಂಡರು. ಹೆಣ್ಣು ಮೀನಿಗೆ ಗಂಡು ಮೀನಿನ ಹಾಗೆ ರೆಕ್ಕೆ ಬೆಳೆದಿತ್ತು. 1980ರಲ್ಲಿ ಇದನ್ನು ಪ್ರಕಟಿಸಿದರು. ಆ ನೀರಿನಲ್ಲಿ ಇದ್ದ ಯಾವುದೋ ವಸ್ತು ಹೆಣ್ಣಿನ ಮೈಯಲ್ಲಿ ಗಂಡಿನ ಹಾರ್ಮೋನಿನ ಹಾಗೆ ಕೆಲಸ ಮಾಡಿತ್ತು. ಸೊಳ್ಳೆ ಮೀನು ನಮಗೂ ಗೊತ್ತಿರುವುದೇ. ಮಲೇರಿಯಾ ತಡೆಯಲು ಆರೋಗ್ಯ ಇಲಾಖೆಯವರು ಬಾವಿ, ಕೆರೆಗೆ ಬಿಡುವ ಗಂಬೂಸಿಯಾ ಮೀನು ಇದೇ ಗುಂಪಿನದು.

ನಮ್ಮ ಕಡೆ ಮೊದಲ ಮಳೆ ಬಂದಾಗ ಮೀನು ಹೊಳೆಯಲ್ಲಿ ಮೇಲಕ್ಕೆ ಹತ್ತುತ್ತವೆ. ಮಲೆನಾಡಿನಲ್ಲಿ ಇದನ್ನು ಹತ್ತುಮೀನು ಎನ್ನುತ್ತಾರೆ. ಅವು ಮೊಟ್ಟೆ ಇಡಲು ಹೋಗುವ ಬಸುರಿ ಮೀನು. ಒಂದು ದೊಡ್ಡ ಮೀನು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಆದರೆ ಮೊಟ್ಟೆಗೂ ಮರಿಗೂ ಒಳ್ಳೆಯ ಜಾಗ ಬೇಕು. ಕಾರ್ಖಾನೆಯ ನಾರು ಹೊಳೆಯ ತಳದಲ್ಲಿ ಕಂಬಳಿಯ ಹಾಗೆ ಹಾಸಿಕೊಳ್ಳುತ್ತದೆ. ಕಲ್ಲು, ಮರಳು ಮುಚ್ಚಿಹೋಗುತ್ತದೆ. ಹಾಸಿಗೆ ಕೊಳೆತು ಕೆಟ್ಟ ಅನಿಲ ಏಳುತ್ತದೆ. ಅದೇ ಕೊಳೆತ ಮೊಟ್ಟೆಯ ವಾಸನೆ. ಅಲ್ಲಿ ಮೀನಿನ ಮೊಟ್ಟೆ ಉಳಿಯುವುದಿಲ್ಲ. ಮರಿಗೆ ಬೇಕಾದ ಹುಳು ಹುಪ್ಪಟೆಯೂ ಉಳಿಯುವುದಿಲ್ಲ.

ಹೀಗೆ ವರ್ಷ ವರ್ಷ ಮರಿ ಕಡಿಮೆ ಆಗುತ್ತವೆ. ಒಂದು ದಿನ ಬಲೆ ಖಾಲಿ ಬರುತ್ತದೆ. ಆ ಮನೆಯವರು, ನಮ್ಮ ಹಣೆಬರಹ, ಮೀನೇ ಇಲ್ಲ ಎನ್ನುತ್ತಾರೆ. ಹಣೆಬರಹ ಅಲ್ಲ. ಕಾರಣ ಇದೆ.

6. ಅತ್ತೆ ಸೊಸೆ ಮಾತು

ಹೊಳೆ ದಂಡೆಯ ಒಂದು ಮನೆ. ಸೊಸೆ ಬುಟ್ಟಿ ತುಂಬ ಮೀನು ತಂದಿದ್ದಾಳೆ.

ಅತ್ತೆ: ಇಷ್ಟೊಂದು ಮೀನು ಎಲ್ಲಿಂದ ತಂದಿಯವ್ವ? ರೊಕ್ಕ ಎಲ್ಲಿತ್ತು?

ಸೊಸೆ: ರೊಕ್ಕ ಕೊಟ್ಟಿಲ್ಲ ಅತ್ತೆ. ಹೊಳೆಯಾಗೆ ತೇಲ್ತಾ ಇದ್ವು. ಎಲ್ರೂ ಬುಟ್ಟಿ ತಗಂಡು ಹೋಗಿದ್ರು. ನಾನೂ ಆರಿಸಿಕೊಂಡು ಬಂದೆ.

ಅತ್ತೆ: ತೇಲ್ತಾ ಇದ್ವು ಅಂದ್ರೆ ಸತ್ತ ಮೀನು. ಕಿವಿರು ಎತ್ತಿ ತೋರಿಸು. ಒಳ್ಳೆ ಮೀನಿಂದು ಕೆಂಪಗೆ ಇರಬೇಕು. ಇದು ನೋಡು, ಕಂದಾಗೈತೆ. ಲೋಳೆ ಕಟ್ಟೈತೆ. ಮೂಸಿ ನೋಡು.

ಸೊಸೆ: ಹೌದು, ಕಾರ್ಖಾನೆ ನೀರಿನ ವಾಸನೆ. ಉಪ್ಪು ಅರಿಶಿನ ಹಚ್ಚಿ, ಹುಣಸೆಹಣ್ಣು ಹಿಂಡಿ ಚೆನ್ನಾಗಿ ಬೇಯಿಸಿದ್ರೆ ಹೋಗಲ್ವಾ?

ಅತ್ತೆ: ಹುಳಿ ಖಾರ ಹಾಕಿದ್ರೆ ವಾಸನೆ ಮುಚ್ಚುತ್ತೆ. ವಿಷ ಹೋಗಲ್ಲ. ಎಷ್ಟು ಬೇಯಿಸಿದ್ರೂ ಹೋಗದ ವಿಷ ಐತಂತೆ. ನೀನು ಬೇರೆ ಎಳೆ ಕೂಸಿಗೆ ಹಾಲು ಕೊಡೋಳು.

ಸೊಸೆ: ಹಂಗಾದ್ರೆ ಕೋಳಿಗೆ ಹಾಕ್ಲಾ?

ಅತ್ತೆ: ಕೋಳಿಗೂ ಬ್ಯಾಡ, ನಾಯಿಗೂ ಬ್ಯಾಡ. ಬಾವಿಯಿಂದ ದೂರ ಗುಂಡಿ ತೋಡಿ ಮುಚ್ಚು. ಕೈ ಸೋಪು ಹಾಕಿ ತೊಳಿ. ಆಮೇಲೆ ನಿನ್ನ ಪುಸ್ತಕ ತಗಿ. ಎಲ್ಲಿ ಸತ್ತಿದ್ವು, ಎಷ್ಟೊತ್ತಿಗೆ ನೋಡಿದಿ, ಎಲ್ಲಾ ಬರಿ.

ಸೊಸೆ: ಬರೆದ್ರೆ ಏನಾಗ್ತದೆ ಅತ್ತೆ?

ಅತ್ತೆ: ನಾನು ಎಷ್ಟೋ ಸಲ ನೋಡೀನಿ. ಬಾಯಲ್ಲಿ ಹೇಳಿದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಯಾವತ್ತು ಅಂತ ಕೇಳಿದ್ರೆ ನಂಗೂ ನೆನಪಿರಲಿಲ್ಲ. ನಿಂಗೆ ಬರೆಯೋಕೆ ಬರ್ತೈತಲ್ಲ.

ಅತ್ತೆ ಹೇಳಿದ್ದು ಸರಿ. ಮೀನು ಒಳ್ಳೆಯ ಆಹಾರ. ಬಸುರಿಗೂ ಬಾಣಂತಿಗೂ ಮಕ್ಕಳಿಗೂ ಶಕ್ತಿ ಕೊಡುತ್ತದೆ. ಆದ್ದರಿಂದ ಎಲ್ಲ ಮೀನಿಗೂ ಹೆದರಬೇಕಿಲ್ಲ. ತೇಲುವ ಮೀನು, ರಾಸಾಯನಿಕದ ವಾಸನೆ ಬರುವ ಮೀನು, ಕೊಳವೆಯ ಬಾಯಿಯ ಹತ್ತಿರ ಹಿಡಿದ ಮೀನು ಬೇಡ. ಬೇರೆ ಮೀನಾದರೂ ಹೊಟ್ಟೆಯ ಕೊಬ್ಬು, ಲಿವರ್ ತೆಗೆದು ಅಡಿಗೆ ಮಾಡುವುದು ಒಳ್ಳೆಯದು. ಅಂತಹ ವಿಷ ಹೆಚ್ಚಾಗಿ ಕೂಡುವುದು ಅಲ್ಲಿಯೇ.

7. ನೀರು ಶುದ್ಧ ಮಾಡಬಹುದು

ಕಾರ್ಖಾನೆ ಬೇಕು, ಹೊಳೆಯೂ ಬೇಕು. ಎರಡೂ ಇರುವ ದಾರಿ ಇದೆ.

ಕಪ್ಪು ನೀರನ್ನು ಹೊಳೆಗೆ ಬಿಡಬಾರದು. ಅದನ್ನು ಕಾಯಿಸಿ ಗಟ್ಟಿ ಮಾಡಿ ಒಲೆಯಲ್ಲಿ ಸುಡಬಹುದು. ಮರದ ಅಂಟು ಉರಿದು ಶಾಖ ಬರುತ್ತದೆ. ಸೋಡಾ ಮತ್ತೆ ಕೈಗೆ ಸಿಗುತ್ತದೆ. ಇದರಿಂದ ಕಾರ್ಖಾನೆಗೂ ಲಾಭ.

ಉಳಿದ ಕೊಳೆ ನೀರನ್ನು ಮೊದಲು ದೊಡ್ಡ ತೊಟ್ಟಿಯಲ್ಲಿ ನಿಲ್ಲಿಸಬೇಕು. ನಾರು ತಳಕ್ಕೆ ಇಳಿಯುತ್ತದೆ. ಆಮೇಲೆ ಇನ್ನೊಂದು ತೊಟ್ಟಿಯಲ್ಲಿ ಯಂತ್ರದಿಂದ ಗಾಳಿ ಹಾಯಿಸಬೇಕು. ಸೂಕ್ಷ್ಮ ಜೀವಿಗಳು ಹಬ್ಬದ ಊಟವನ್ನು ಹೊಳೆಯಲ್ಲಿ ಮಾಡುವ ಬದಲು ಇಲ್ಲಿಯೇ ಮಾಡಿ ಮುಗಿಸುತ್ತವೆ. ಬೆಳ್ಳಗೆ ಮಾಡಲು ಕ್ಲೋರಿನ್ ಅನಿಲ ಬಿಟ್ಟು ಬೇರೆ ವಸ್ತು ಬಳಸಿದರೆ ಡಯಾಕ್ಸಿನ್ ಬಹಳ ಕಡಿಮೆ ಆಗುತ್ತದೆ. 1990ರ ದಶಕದಿಂದ ಅನೇಕ ದೇಶಗಳ ಕಾರ್ಖಾನೆಗಳು ಹೀಗೆ ಬದಲಾಗಿವೆ.

ಕೆನಡಾದ ಜಾಕ್‌ಫಿಶ್ ಬೇಗೆ ನೀರು ಬಿಡುವ ಕಾರ್ಖಾನೆ 1989ರಲ್ಲಿ ಗಾಳಿ ಹಾಯಿಸುವ ತೊಟ್ಟಿ ಕಟ್ಟಿತು. ನೀರು ಸುಧಾರಿಸಿತು. ಆದರೆ ಮೀನಿನ ಮೊಟ್ಟೆಯ ತೊಂದರೆ ಕೂಡಲೇ ಹೋಗಲಿಲ್ಲ. ನೀರು ತಿಳಿಯಾಗಿ ಕಂಡರೆ ಸಾಲದು, ಮೀನಿನ ಒಳಗೂ ನೋಡಬೇಕು ಎಂದು ಗೊತ್ತಾಯಿತು. 1992ರಲ್ಲಿ ಕೆನಡಾ ಸರ್ಕಾರ ಹೊಸ ನಿಯಮ ಮಾಡಿತು. ಕಾಗದದ ಕಾರ್ಖಾನೆಗಳು ತಮ್ಮ ನೀರು ಸೇರುವ ಕಡೆಯ ಮೀನಿನ ಆರೋಗ್ಯವನ್ನೂ ಆಗಾಗ ಪರೀಕ್ಷೆ ಮಾಡಿಸಬೇಕಾಯಿತು.

8. ನಮ್ಮ ಕಾನೂನು

ನಮ್ಮ ದೇಶದಲ್ಲಿ 1974ರಲ್ಲಿ ಜಲ ಮಾಲಿನ್ಯ ತಡೆಯುವ ಕಾಯ್ದೆ ಬಂತು. ಅದೇ ವರ್ಷ ಕರ್ನಾಟಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಆಯಿತು. 1986ರಲ್ಲಿ ಪರಿಸರ ರಕ್ಷಣೆಯ ಕಾಯ್ದೆ ಬಂತು. ಮಂಡಳಿಯ ಒಪ್ಪಿಗೆ ಇಲ್ಲದೆ ಯಾವ ಕಾರ್ಖಾನೆಯೂ ಹೊಳೆಗೆ ಕೊಳೆ ನೀರು ಬಿಡುವ ಹಾಗಿಲ್ಲ. ಬಿಡುವ ನೀರು ಎಷ್ಟು ಶುದ್ಧ ಇರಬೇಕು ಎಂಬ ಮಿತಿ ಇದೆ.

ನೀರಿನ ಪರೀಕ್ಷೆಗೆ ಮೀನನ್ನೂ ಬಳಸುತ್ತಾರೆ. ಕಾರ್ಖಾನೆಯ ಹೊರಗೆ ಬರುವ ನೀರನ್ನು ಏನೂ ಬೆರೆಸದೆ ತೊಟ್ಟಿಗೆ ತುಂಬುತ್ತಾರೆ. ಅದರಲ್ಲಿ ಮೀನು ಬಿಡುತ್ತಾರೆ. 96 ಗಂಟೆ, ಅಂದರೆ ನಾಲ್ಕು ಹಗಲು ನಾಲ್ಕು ರಾತ್ರಿ ಕಾಯುತ್ತಾರೆ. 100 ಮೀನಿನಲ್ಲಿ 90 ಮೀನಾದರೂ ಬದುಕಿರಬೇಕು. ಇದು ಒಳ್ಳೆಯ ಪರೀಕ್ಷೆ. ಆದರೆ ನಾಲ್ಕು ದಿನ ಬದುಕಿದ ಮೀನು ನಾಲ್ಕು ವರ್ಷ ಬಾಳಿ ಮರಿ ಮಾಡುತ್ತದೆಯೇ ಎಂದು ಇದರಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದರೆ ಹೊಳೆಯನ್ನು ವರ್ಷವಿಡೀ ನೋಡುವವರು ಬೇಕು. ದಿನವೂ ಹೊಳೆಗೆ ಹೋಗುವವರು ಯಾರು? ನಾವು.

9. ಹೊಳೆಯ ಪುಸ್ತಕ ಬರೆಯೋಣ

ಸಂಘಕ್ಕೆ ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಮೇಲೆ ಹೊಳೆಯ ಪುಸ್ತಕ ಎಂದು ಬರೆಯಿರಿ. ವಾರಕ್ಕೆ ಒಂದು ದಿನ, ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನೋಡಿ. ಕೊಳವೆಯಿಂದ ಮೇಲೆ ಒಂದು ಜಾಗ, ಕೆಳಗೆ ಒಂದು ಜಾಗ ಆರಿಸಿಕೊಳ್ಳಿ. ಎರಡನ್ನೂ ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಇಷ್ಟು ಬರೆಯಿರಿ:

ತಾರೀಖು ಮತ್ತು ಹೊತ್ತು.
ನೀರಿನ ಬಣ್ಣ: ತಿಳಿ, ಕಂದು, ಕಪ್ಪು.
ವಾಸನೆ ಇದೆಯೇ? ನೊರೆ ಇದೆಯೇ?
ಮೀನು ಮೇಲೆ ಬಂದು ಬಾಯಿ ಬಡಿಯುತ್ತಿವೆಯೇ?
ಸತ್ತ ಮೀನು ಎಷ್ಟು? ಯಾವ ಜಾತಿ?
ಹಿಡಿದ ಮೀನಿಗೆ ಹುಣ್ಣು ಇದೆಯೇ? ಕಿವಿರಿನ ಬಣ್ಣ ಏನು?
ಬಸುರಿ ಮೀನು, ಮರಿ ಮೀನು ಕಂಡವೇ?

ಒಂದು ಎಚ್ಚರ. ಮೀನು ಸಾಯುವುದಕ್ಕೆ ಬೇರೆ ಕಾರಣವೂ ಇರುತ್ತದೆ. ಪಟ್ಟಣದ ಚರಂಡಿ ನೀರು, ಹೊಲಕ್ಕೆ ಹೊಡೆದ ಔಷಧಿ, ಬೇಸಿಗೆಯಲ್ಲಿ ಬತ್ತಿದ ಹೊಳೆ, ಮದ್ದು ಸಿಡಿಸಿ ಮೀನು ಹಿಡಿಯುವುದು, ಇವೂ ಕಾರಣ. ಆದ್ದರಿಂದ ಕಂಡದ್ದನ್ನು ಮಾತ್ರ ಬರೆಯಿರಿ. ಯಾರದು ತಪ್ಪು ಎಂದು ಪರೀಕ್ಷೆ ಹೇಳಲಿ. ಕಾನೂನಿಗೆ ಒಪ್ಪುವ ಹಾಗೆ ನೀರಿನ ಮಾದರಿ ತೆಗೆಯುವ ಅಧಿಕಾರ ಮಂಡಳಿಯ ಅಧಿಕಾರಿಗಳಿಗೆ ಇದೆ. ಅವರನ್ನು ಬೇಗ ಕರೆಸುವುದು ನಮ್ಮ ಕೆಲಸ. ತಡವಾದರೆ ಕೊಳೆ ನೀರು ಹರಿದು ಹೋಗುತ್ತದೆ.

ಮೀನು ಸತ್ತರೆ ಹೀಗೆ ಅರ್ಜಿ ಬರೆಯಿರಿ:

ಪರಿಸರ ಅಧಿಕಾರಿಗಳಿಗೆ,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ............ ಕಚೇರಿ.

ಮಾನ್ಯರೇ,

ವಿಷಯ: ಹೊಳೆಯಲ್ಲಿ ಮೀನು ಸತ್ತ ಬಗ್ಗೆ.

ನಾವು ............ ಗ್ರಾಮದ ಮಹಿಳಾ ಸಂಘದವರು. ತಾರೀಖು ............ ರಂದು ಬೆಳಿಗ್ಗೆ ............ ಗಂಟೆಗೆ ............ ಹೊಳೆಯಲ್ಲಿ ............ ಹತ್ತಿರ ಮೀನು ಸತ್ತು ತೇಲುತ್ತಿದ್ದವು. ನೀರಿನ ಬಣ್ಣ ............ ಇತ್ತು. ವಾಸನೆ ............ ಇತ್ತು. ಇದೇ ನೀರನ್ನು ಜನ, ದನ ಬಳಸುತ್ತಿದ್ದೇವೆ. ತಾವು ಕೂಡಲೇ ಬಂದು ನೀರಿನ ಮತ್ತು ಮೀನಿನ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಯ ವರದಿಯನ್ನು ನಮಗೆ ಬರಹದಲ್ಲಿ ಕೊಡಬೇಕು ಎಂದು ಕೇಳಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಎಲ್ಲರ ಸಹಿ)

ಈ ಅರ್ಜಿಯ ಒಂದೊಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ, ಮೀನುಗಾರಿಕೆ ಇಲಾಖೆಗೆ, ಜಿಲ್ಲಾಧಿಕಾರಿಗೆ ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ವರದಿ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಕೇಳಬಹುದು. ಗ್ರಾಮ ಸಭೆಯಲ್ಲಿ ಹೊಳೆಯ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳಿ. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಈಗ ಸಹಿ ಮಾಡುತ್ತದೆ. ಆ ಸಹಿ ಹೊಳೆಗೂ ಉಪಯೋಗಕ್ಕೆ ಬರಲಿ.

ಹೊಸ ಪದಗಳು

ಕಿವಿರು: ಮೀನು ಉಸಿರಾಡುವ ಅಂಗ.
ಆಮ್ಲಜನಕ: ಜೀವಿಗಳ ಉಸಿರಿಗೆ ಬೇಕಾದ ಅನಿಲ.
ಲಿಗ್ನಿನ್: ಮರದ ನಾರುಗಳನ್ನು ಅಂಟಿಸಿ ಹಿಡಿದಿರುವ ವಸ್ತು.
ತಿರುಳು: ಮರ ಬೇಯಿಸಿದಾಗ ಉಳಿಯುವ ನಾರು.
ಮಾಲಿನ್ಯ: ನೀರು, ಗಾಳಿ, ಮಣ್ಣು ಕೊಳೆಯಾಗುವುದು.
ಸ್ವೀಕೃತಿ: ಅರ್ಜಿ ತಲುಪಿತು ಎಂದು ಕಚೇರಿ ಕೊಡುವ ಗುರುತು.

ಓದಿ, ಉತ್ತರ ಹೇಳಿ

1. ಕಪ್ಪು ನೀರು ಎಲ್ಲಿಂದ ಬರುತ್ತದೆ?
2. ವಿಷ ಇಲ್ಲದಿದ್ದರೂ ಮೀನು ಯಾಕೆ ಸಾಯಬಹುದು?
3. ಬೆಳಗಿನ ಜಾವ ಮೀನು ಯಾಕೆ ಮೇಲೆ ಬಂದು ಬಾಯಿ ಬಡಿಯುತ್ತವೆ?
4. ಜಾಕ್‌ಫಿಶ್ ಬೇ ಮೀನಿನ ಒಳಗೆ ಏನೇನು ತೊಂದರೆ ಕಂಡಿತು?
5. ತೇಲುವ ಮೀನನ್ನು ಬೇಯಿಸಿ ತಿನ್ನಬಹುದೇ? ಯಾಕೆ?

ಲೆಕ್ಕ ಮಾಡಿ

ಕಾರ್ಖಾನೆಯ ನೀರಿನ ಪರೀಕ್ಷೆಗೆ 20 ಮೀನು ಬಿಟ್ಟರು. 96 ಗಂಟೆಯ ಮೇಲೆ 17 ಮೀನು ಬದುಕಿದ್ದವು. 100ಕ್ಕೆ 90ರ ಲೆಕ್ಕದಲ್ಲಿ 20ಕ್ಕೆ ಎಷ್ಟು ಬದುಕಬೇಕಿತ್ತು? ಈ ನೀರನ್ನು ಹೊಳೆಗೆ ಬಿಡಬಹುದೇ?

ಮಾತಾಡೋಣ

ನಿಮ್ಮ ಊರಿನ ಹೊಳೆ ಅಥವಾ ಕೆರೆಯಲ್ಲಿ ಹಿಂದೆ ಯಾವ ಯಾವ ಮೀನು ಇದ್ದವು? ಈಗ ಯಾವುವು ಇವೆ? ಊರಿನ ಹಿರಿಯರನ್ನು ಕೇಳಿ. ಹೆಸರುಗಳನ್ನು ಎರಡು ಸಾಲಿನಲ್ಲಿ ಬರೆಯಿರಿ. ಹೊಳೆಯ ಪುಸ್ತಕದ ಮೊದಲ ಪುಟ ಇದೇ ಆಗಲಿ.